ಕೊನೆಯವರು ಬರುವವರೆಗೂ ಲಾಟೀನು ಉರಿಯಲಿ

ನಾನು ಅಮೆರಿಕದ ಒಹಾಯೊದಲ್ಲಿ ಮೂರನೇ ತರಗತಿಯ ಟೀಚರ್. ಮಾರ್ಚ್ ಬಂತೆಂದರೆ ನಮ್ಮ ತರಗತಿಯ ಗೋಡೆಗೆ ಅಲಾಸ್ಕಾದ ನಕ್ಷೆ ಏರುತ್ತದೆ. ಆ ತಿಂಗಳ ಮೊದಲ ಶನಿವಾರ ಅಲ್ಲಿ ಇಡಿಟರಾಡ್ ಶುರು. ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಆಂಕರೇಜ್ ಕಡೆಯಿಂದ ನೋಮ್ ಊರಿನವರೆಗೆ, ಸುಮಾರು 1,600 ಕಿಲೋಮೀಟರ್ ಹಿಮದ ದಾರಿ. 1973ರ ಮೊದಲ ಓಟದಲ್ಲಿ ಗೆದ್ದವರಿಗೇ 20 ದಿನ ಹಿಡಿದಿತ್ತು.

ಪ್ರತಿ ಮಗುವೂ ಒಬ್ಬ ಮಷರ್‌ನನ್ನು, ಅಂದರೆ ಬಂಡಿ ನಡೆಸುವವರನ್ನು, ಆರಿಸಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಅವರ ಪಿನ್ನನ್ನು ನಕ್ಷೆಯ ಮೇಲೆ ಮುಂದಕ್ಕೆ ಸರಿಸುವುದು ಆ ಮಗುವಿನದೇ ಕೆಲಸ.

ಆದರೆ ಎಂಟು ವರ್ಷದ ಮಕ್ಕಳಿಗೆ ಸುಮ್ನೆ ನಕ್ಷೆ ತೋರಿಸಿದರೆ ಸಾಲದು. ನಾನು ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಉದ್ದದ ಹಗ್ಗ, ಅದನ್ನು ಹಿಡಿದು ಜೋಡಿ ಜೋಡಿಯಾಗಿ ನಿಂತ ಮಕ್ಕಳು, ಹಿಂದೆ ಪುಸ್ತಕದ ಚೀಲ ತುಂಬಿದ ಪ್ಲಾಸ್ಟಿಕ್ ಬಂಡಿ. ಎಲ್ಲರಿಗಿಂತ ಮುಂದಿನವರು ಲೀಡ್, ಬಂಡಿಗೆ ಹತ್ತಿರದವರು ವೀಲ್. ಲಗಾಮು ಇಲ್ಲ, ಬರೀ ಮಾತು. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ. ಮೊದಲ ಸಲ ಜೋರು ಹುಡುಗರನ್ನೇ ಮುಂದೆ ನಿಲ್ಲಿಸಿದ್ದೆ. ಎರಡನೇ ತಿರುವಿಗೇ ಹಗ್ಗ ಸಿಕ್ಕು ಸಿಕ್ಕು. ಆಮೇಲೆ ಹೇಳಿದ್ದನ್ನು ಗಮನವಿಟ್ಟು ಕೇಳುವ ಒಬ್ಬ ಮೆತ್ತನೆಯ ಹುಡುಗಿಯನ್ನು ಲೀಡ್ ಮಾಡಿದೆ. ಗಟ್ಟಿ ಹುಡುಗರನ್ನು ಬಂಡಿಯ ಭಾರ ಹೊರಲು ವೀಲ್‌ಗೆ ಕಳಿಸಿದೆ. ಇಡೀ ತಂಡ ಒಂದೇ ಗೆರೆಯಲ್ಲಿ ತಿರುಗಿತು!

ಇನ್ನೊಂದು ಆಟ ಬೂಟಿಯದು, ಅಂದರೆ ನಾಯಿಯ ಒಂದೊಂದು ಪಾದಕ್ಕೂ ತೊಡಿಸುವ ಪುಟ್ಟ ಕಾಲುಚೀಲದ್ದು. ಒಂದು ತಂಡಕ್ಕೆ 16 ನಾಯಿ ಎಂದರೆ ಎಷ್ಟು ಬೂಟಿ? ಮಕ್ಕಳು ಲೆಕ್ಕ ಹಾಕಿ 64 ಎನ್ನುತ್ತಾರೆ. ಆಗ ದಪ್ಪ ಗ್ಲೌಸ್ ಹಾಕಿಸಿ, ಪಕ್ಕದವರ ಕೈಗೆ ಒಂದೇ ಒಂದು ಕಾಲುಚೀಲ ತೊಡಿಸಿ ಎನ್ನುತ್ತೇನೆ. ಒಂದಕ್ಕೇ ಸಾಕಾಗಿಹೋಗುತ್ತದೆ.

"ನಾಯಿಗಳಿಗೆ ನೋವಾಗಲ್ವಾ?" ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ನಾನು ಮುಚ್ಚಿಡುವುದಿಲ್ಲ. ಈ ಓಟದಲ್ಲಿ ನಾಯಿಗಳು ಸತ್ತಿವೆ, ಇದನ್ನು ವಿರೋಧಿಸುವವರು ತುಂಬ ಜನ ಇದ್ದಾರೆ ಎಂದು ಹೇಳುತ್ತೇನೆ. ದಾರಿಯುದ್ದಕ್ಕೂ ಪಶುವೈದ್ಯರು ಇರುವುದನ್ನು, ಒಂದು ಸಲ 24 ಗಂಟೆ, ಎರಡು ಸಲ 8 ಗಂಟೆ ನಿಲ್ಲಲೇಬೇಕೆಂಬ ನಿಯಮವನ್ನೂ ಹೇಳುತ್ತೇನೆ. ದಣಿದ ನಾಯಿಯನ್ನು ದಾರಿಯಲ್ಲೇ ವೈದ್ಯರ ಕೈಗೆ ಒಪ್ಪಿಸಿ ಮುಂದೆ ಹೋಗಬಹುದು. ಆ ಮೇಲಿನ ವಾದ ಮಕ್ಕಳದು. ಅದು ಜೋರಾಗಿಯೇ ನಡೆಯುತ್ತದೆ.

ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಗೆದ್ದವರು ನೋಮ್ ಮುಟ್ಟಿದ ದಿನವೇ ನಕ್ಷೆ ಬಿಚ್ಚಿಬಿಟ್ಟೆ. ಒಬ್ಬ ಹುಡುಗ ಬಂದು, "ಮಿಸ್, ನಮ್ಮವರು ಇನ್ನೂ ದಾರಿಯಲ್ಲೇ ಇದ್ದಾರೆ" ಎಂದ. ಅವನ ಕಣ್ಣು ತುಂಬಿತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮತ್ತೆ ನಕ್ಷೆ ಅಂಟಿಸಿದೆ.

ನೋಮ್‌ನಲ್ಲಿ ಕೊನೆಯ ತಂಡ ಬರುವವರೆಗೂ ಒಂದು ಲಾಟೀನು ಉರಿಯುತ್ತಿರುತ್ತದೆ. ಅದನ್ನು ಆರಿಸುವುದು ಕೊನೆಗೆ ಬಂದವರೇ. ಅವರಿಗೆ 'ರೆಡ್ ಲ್ಯಾಂಟರ್ನ್' ಪ್ರಶಸ್ತಿಯೂ ಇದೆ. ಮರುವರ್ಷದಿಂದ ನಮ್ಮ ಕಿಟಕಿಯಲ್ಲೂ ಬ್ಯಾಟರಿಯ ಒಂದು ಕೆಂಪು ಲಾಟೀನು ತೂಗುತ್ತದೆ. ಯಾರ ಮಷರ್ ಕೊನೆಗೆ ಬರುತ್ತಾರೋ ಆ ಮಗುವೇ ಅದನ್ನು ಆರಿಸಬೇಕು. ಈಗ ಗೆದ್ದವರು ಮುಟ್ಟಿದ ಮೇಲೂ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಕ್ಕಳು ನಕ್ಷೆಯ ಹತ್ತಿರ ಓಡುತ್ತಾರೆ, ಹಿಂದುಳಿದ ಪಿನ್ ಎಲ್ಲಿದೆ ಎಂದು ನೋಡಲು.