ಫ್ಲೆಕ್ಸ್ ಕಿತ್ತುಹಾಕಿ ಟಿಎಂಸಿ ಹಿಡಿದೆ: ಘಾತಾಂಕ ಕಲಿಸಿದ ನನ್ನ ಅನುಭವ

ಎಂಟನೇ ಕ್ಲಾಸಿಗೆ ಘಾತಾಂಕ (2³ರಲ್ಲಿ ಮೇಲೆ ಪುಟ್ಟದಾಗಿ ಬರೆಯುವ 3) ಹೇಳಿಕೊಡುವವರೆಲ್ಲ ಈ ಉತ್ತರ ನೋಡಿಯೇ ಇರುತ್ತೀರಿ. 2³ × 2⁴ ಎಷ್ಟು ಅಂದರೆ 4⁷. ಸರಿ ಉತ್ತರ 2⁷. ಹನುಮಂತನಗರದ ನನ್ನ ಟ್ಯೂಷನ್ನಿನಲ್ಲಿ ಇದನ್ನು ವರ್ಷಗಟ್ಟಲೆ ತಿದ್ದಿದ್ದೇನೆ. ಈಗ ಅಪರೂಪಕ್ಕೆ ಕಾಣುತ್ತದೆ. 'ಇದೆಲ್ಲ ಪರೀಕ್ಷೆಗೆ ಆಗಲ್ಲ ಸಾರ್' ಅಂದ ಅಪ್ಪ ಅಮ್ಮಂದಿರೇ ಈಗ ಎರಡನೇ ಮಗುವನ್ನೂ ಕಳಿಸುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ನಿಯಮಗಳನ್ನೆಲ್ಲ ದೊಡ್ಡ ಫ್ಲೆಕ್ಸ್ ಮೇಲೆ ಪ್ರಿಂಟ್ ಮಾಡಿಸಿ ಗೋಡೆಗೆ ಹಾಕಿದೆ. ಎಂಟುನೂರೋ ಒಂಬೈನೂರೋ ಆಯಿತು. ಮಕ್ಕಳು ಅದನ್ನು ನೋಡಿಕೊಂಡು ಎಲ್ಲ ಲೆಕ್ಕ ಮಾಡಿದರು. ಶಾಲೆಯ ಟೆಸ್ಟಿನಲ್ಲಿ ಗೋಡೆ ಖಾಲಿ, ಪೇಪರೂ ಖಾಲಿ. ಆಮೇಲೆ ಅವೆನ್ಯೂ ರಸ್ತೆಗೆ ಹೋಗಿ ಲ್ಯಾಮಿನೇಟ್ ಮಾಡಿದ ಕಾರ್ಡು ತಂದೆ, ಎರಡು ಸಾವಿರದ ಹತ್ತಿರ. ಅದರಲ್ಲಿ ಹುಡುಗರು ರಮ್ಮಿ ಥರದ ಒಂದು ಆಟ ಕಟ್ಟಿಕೊಂಡರು. ಆಟ ನಿಜಕ್ಕೂ ಚೆನ್ನಾಗಿತ್ತು, ಘಾತಾಂಕ ಮಾತ್ರ ಬರಲಿಲ್ಲ. ಒಂದು ಆಪ್‌ಗೂ ವರ್ಷದ ಚಂದಾ ಕಟ್ಟಿದೆ. ಅದರಲ್ಲಿ ಬರೀ ಮಿಲಿಯನ್, ಬಿಲಿಯನ್. ನಮ್ಮ ಮಕ್ಕಳ ತಲೆಯಲ್ಲಿ ಓಡುವುದು ಲಕ್ಷ, ಕೋಟಿ.

ಕೊನೆಗೆ ಕೈ ಹಿಡಿದದ್ದು ಟಿಎಂಸಿ. ಕಾವೇರಿ ಸುದ್ದಿ ಬಂದಾಗಲೆಲ್ಲ ಟೀವಿಯಲ್ಲಿ ಕೇಳುವ ಮಾತು, ಆದರೆ ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ. ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್. ಸಾವಿರ ಅಂದರೆ 10³, ಮಿಲಿಯನ್ ಅಂದರೆ ಹತ್ತು ಲಕ್ಷ, 10⁶. ಸೊನ್ನೆ ಎಣಿಸಿ ಅಂದೆ. ಒಂಬತ್ತು ಬಂತು. 'ಮೇಲಿನದು ಕೂಡಿದ್ರೆ ಆಯ್ತಲ್ಲ ಸಾರ್' ಅಂತ ಅವರೇ ಹೇಳಿದರು. ಒಬ್ಬ ಮಾತ್ರ 100⁹ ಅಂದ. ಸರಿ, ಬಿಡಿಸಿ ಬರಿ ಅಂದೆ. ಒಂದರ ಮುಂದೆ ಹದಿನೆಂಟು ಸೊನ್ನೆ ಬರೆಯುವಷ್ಟರಲ್ಲಿ ತಾನೇ ಅಳಿಸಿದ. ನಿಯಮದ ಹೆಸರನ್ನು ನಾನು ಸುಮಾರು ಮೂರು ವಾರ ಎತ್ತಲೇ ಇಲ್ಲ. ಅಷ್ಟರಲ್ಲಿ ಮೂರ್ನಾಲ್ಕು ಮಕ್ಕಳನ್ನು ಮನೆಯವರು ಬಿಡಿಸಿದರು. ಒಬ್ಬರಿಗೆ ತಿಂಗಳ ಫೀಸು ಸಾವಿರದ ಇನ್ನೂರರಂತೆ ನಷ್ಟ ಲೆಕ್ಕ ಹಾಕಿಕೊಳ್ಳಿ.

ನಂತರ ಲೀಟರಿಗೆ ಇಳಿದೆವು. ಒಂದು ಘನ ಅಡಿ ಅಂದರೆ 28.3 ಲೀಟರ್. ಹಾಗಾಗಿ ಒಂದು ಟಿಎಂಸಿ 2.83 × 10¹⁰ ಲೀಟರ್. ಬೆಂಗಳೂರಿಗೆ ಕುಡಿಯುವ ನೀರು ತರುವ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್, ಅಂದರೆ 7.75 × 10⁸. ಒಂದು ಟಿಎಂಸಿ ಎಷ್ಟು ದಿನ ಬರುತ್ತದೆ? ಭಾಗಿಸಿದರೆ 0.365 × 10². ಗುಣಾಕಾರ ಚಿಹ್ನೆಯ ಎಡಗಡೆಯ ಸಂಖ್ಯೆ 1ಕ್ಕಿಂತ ಕಡಿಮೆ ಇರಬಾರದು, ಅದನ್ನು ಹತ್ತು ಪಟ್ಟು ಮಾಡಿ ಘಾತ ಒಂದು ಇಳಿಸಿದರೆ 3.65 × 10¹. ಮೂವತ್ತಾರು ದಿನ ಚಿಲ್ಲರೆ. ವರ್ಷಕ್ಕೆ ಹತ್ತು ಟಿಎಂಸಿ. ಟ್ಯಾಂಕರಿಗೆ ದುಡ್ಡು ಸುರಿದ ಮನೆಯ ಮಕ್ಕಳು, ಈ ಉತ್ತರವನ್ನು ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದಾರೆ!

'ದಶಮಾಂಶ ಬಿಂದು ಎಡಕ್ಕೆ ಹೋದರೆ ಪ್ಲಸ್, ಬಲಕ್ಕೆ ಹೋದರೆ ಮೈನಸ್' ಅನ್ನುವ ಪಾಠ ನಾನು ಪೂರ್ತಿ ಬಿಟ್ಟೆ. ಪೆನ್ ಮುಟ್ಟುವ ಮೊದಲು ಘಾತ ಎಷ್ಟು ಬರಬಹುದು ಅಂತ ಬಾಯಲ್ಲಿ ಹೇಳಬೇಕು. ಎಡಗಡೆಯ ಸಂಖ್ಯೆ ಆಮೇಲೆ. ನನ್ನ ಕ್ಲಾಸಲ್ಲಿ ಇರುವ ಕಟ್ಟುನಿಟ್ಟು ಅದೊಂದೇ.

ಋಣ ಘಾತಕ್ಕೆ, ಅಂದರೆ ಮೈನಸ್ ಇರುವ ಘಾತಕ್ಕೆ, ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ ಎಲ್‌1. ಅದು ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್, 1.5 × 10⁶. ಸೂರ್ಯ 15 ಕೋಟಿ, 1.5 × 10⁸. ಭಾಗಿಸಿದರೆ 10⁻². ಸೂರ್ಯನ ಕಡೆ ಹೋಗಿದ್ದು ನೂರರಲ್ಲಿ ಒಂದು ಪಾಲು ಅಷ್ಟೇ. ಬೆಳಕು ಸೆಕೆಂಡಿಗೆ 3 × 10⁵ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋದ ದೊಡ್ಡ ಆಂಟೆನಾದಿಂದ ಅಲ್ಲಿಗೆ ಸಿಗ್ನಲ್ ಮುಟ್ಟಲು 0.5 × 10¹, ಅಂದರೆ 5 × 10⁰ ಸೆಕೆಂಡ್. 10⁰ ಅಂದರೆ 1. ಅದನ್ನು ಸೊನ್ನೆ ಅಂದುಕೊಂಡರೆ ಸಿಗ್ನಲ್ ಹೊರಟ ಕ್ಷಣಕ್ಕೇ ಮುಟ್ಟಿದಂತೆ, ಅಲ್ವಾ?

ನಡುವೆ ಸುಮ್ನೆ ಒಂದು ರಾಗಿ ಪ್ರಯೋಗ ಮಾಡಿದೆವು. ನಾನೂರು ರೂಪಾಯಿಯ ಪುಟ್ಟ ತಕ್ಕಡಿ ತಂದು, ಸಾವಿರ ಕಾಳು ಎಣಿಸಿ ತೂಗಿದರೆ ಎರಡೂವರೆ ಗ್ರಾಂ ಆಸುಪಾಸು. ಹಾಗಾದರೆ ಕೆಜಿಗೆ 4 × 10⁵ ಕಾಳು. ಎಣಿಸಲು ಒಂದು ಇಡೀ ಸಂಜೆ ಹೋಯಿತು, ತಕ್ಕಡಿ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಪರೀಕ್ಷೆಗೆ ಉಪಯೋಗ ಕಡಿಮೆ. ಆದರೂ ಪ್ರತಿ ವರ್ಷ ಮಾಡಿಸುತ್ತೇನೆ.

(−2)⁴ ಅಂದರೆ 16, −2⁴ ಅಂದರೆ −16; ಈ ಗೊಂದಲಕ್ಕೆ ನನ್ನ ಹತ್ತಿರ ಬೇರೆ ಉಪಾಯ ಇದೆ. ಮೊದಲ ಶೀಟಿನ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನುವುದರಲ್ಲೂ ಒಂದು ಗುಟ್ಟಿದೆ. ಅವೆರಡನ್ನೂ ಇಲ್ಲಿ ಬಿಡಲ್ಲ, ಬಾಡಿಗೆ ನಾನೂ ಕಟ್ಟಬೇಕು.

ಕೂಡುವ ಲೆಕ್ಕದಲ್ಲಿ ಮಾತ್ರ ಇನ್ನೂ ಎಡವುತ್ತಾರೆ. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ, 4.945 × 10¹⁰ ಘನ ಅಡಿ. ಅದಕ್ಕೆ ಇನ್ನೊಂದು ಟಿಎಂಸಿ ಸೇರಿಸಿ ಅಂದರೆ ಘಾತಗಳನ್ನೂ ಕೂಡಿ 5.945 × 10¹⁹ ಬರೆಯುತ್ತಾರೆ. ನಾನು ತಪ್ಪು ಅನ್ನಲ್ಲ. ಪ್ರಪಂಚದ ಎಲ್ಲ ಸಾಗರಗಳ ನೀರು ಸುಮಾರು 4.7 × 10¹⁹ ಘನ ಅಡಿ ಅಂತ ಪಕ್ಕದಲ್ಲಿ ಬರೆದು, ಕನ್ನಂಬಾಡಿ ಕಟ್ಟೆಯಲ್ಲಿ ಇಷ್ಟು ನೀರು ಹಿಡಿಯುತ್ತಾ ಅಂತ ಕೇಳುತ್ತೇನೆ. ಆಮೇಲೆ ಘಾತ ಸಮ ಮಾಡಿಕೊಂಡು, 4.945ಕ್ಕೆ 0.1 ಸೇರಿಸಿ, 5.045 × 10¹⁰ ಅಂತ ಅವರೇ ತಿದ್ದುತ್ತಾರೆ.