ಗುಂಪಿನಲ್ಲಿ ಗೂಢ ಪದಬಂಧ ಬಿಡಿಸುವುದು ಹೇಗೆ?

ವಾಟ್ಸಾಪ್ ಗುಂಪಿಗೆ ಸುಳಿವು ಬಿದ್ದ ಕೂಡಲೇ ಉತ್ತರಗಳು ಸುರಿಯುತ್ತವೆ. ‘ಹಂಪಿ’, ‘ಬೇಲೂರು’, ‘ಚಾಮುಂಡಿ’... ಯಾವುದಕ್ಕೂ ಕಾರಣ ಇರುವುದಿಲ್ಲ. ಯಾರೋ ಒಬ್ಬರು ಸರಿಯಾದ ಉತ್ತರವನ್ನೇ ಹೇಳಿರುತ್ತಾರೆ. ಅದು ಶುಭರಾತ್ರಿಯ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಮೈಸೂರು, ಮಂಡ್ಯದ ಗೆಳೆಯರೇ ಇರುವ ನಮ್ಮ ಗುಂಪಿನಲ್ಲೂ ಹೊಸಬರು ಸೇರಿದಾಗಲೆಲ್ಲ ಇದೇ ಪಾಡು. ಬುದ್ಧಿಗೆ ಕೊರತೆ ಇಲ್ಲ, ಕ್ರಮಕ್ಕೆ ಕೊರತೆ. ಆ ಕ್ರಮ ಕಲಿಯಬಹುದು, ಕಷ್ಟವೇನಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಮಾಮೂಲಿ ಪದಬಂಧದಲ್ಲಿ ಸುಳಿವು ನೇರವಾಗಿರುತ್ತದೆ. ‘ಕಾಡು (2)’ ಎಂದರೆ ‘ವನ’, ಮುಗಿಯಿತು. ಕಂಸದಲ್ಲಿರುವ ಅಂಕಿ ಉತ್ತರದಲ್ಲಿ ಎಷ್ಟು ಅಕ್ಷರ ಎಂದು ಹೇಳುತ್ತದೆ. ಗೂಢ ಪದಬಂಧದ ಸುಳಿವಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಅರ್ಥ, ಇನ್ನೊಂದು ಅಕ್ಷರಗಳ ಆಟ. ಎರಡೂ ಒಂದೇ ಪದಕ್ಕೆ ಕರೆದುಕೊಂಡು ಹೋಗಬೇಕು. ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಮಾಡಿದ ಮೊದಲ ಬಂಧ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಅದನ್ನು ಪೂರ್ತಿ ಗೂಢ ಮಾಡಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ‘ಟಾರ್ಕೆಮಾಡ’ ಎಂಬ ಹೆಸರಿನಲ್ಲಿ ಬರೆದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಅವರಲ್ಲಿ ಮುಖ್ಯರು. ನಮಗೂ ಈ ರುಚಿ ಹೊಸದಲ್ಲ. ಬೆಡಗಿನ ವಚನ, ಕನಕದಾಸರ ಮುಂಡಿಗೆ, ಅಜ್ಜಿಯ ಒಗಟು ಎಲ್ಲವೂ ಒಂದು ಹೇಳಿ ಇನ್ನೊಂದು ಅಡಗಿಸುವ ಕೆಲಸವೇ ಅಲ್ವಾ?

ಮೊದಲು ಗುಂಪು. ಐದರಿಂದ ಎಂಟು ಜನ ಸಾಕು. ಎಲ್ಲರೂ ಕನ್ನಡ ಮೇಷ್ಟ್ರೇ ಆಗಿದ್ದರೆ ಆಟ ಸಾಗುವುದಿಲ್ಲ. ಹಳಗನ್ನಡ ಬಲ್ಲವರು ಒಬ್ಬರು, ಸಿನಿಮಾ ಮತ್ತು ಕ್ರಿಕೆಟ್ ಬಲ್ಲವರು ಒಬ್ಬರು, ಹೊಲಗದ್ದೆಯ ಮಾತು ಬಲ್ಲವರು ಒಬ್ಬರು ಬೇಕೇ ಬೇಕು. ‘ಮೇಟಿ’, ‘ಮಿಣಿ’, ‘ಅಂಡೆ’ ಬಂದಾಗ ಪಾಂಡವಪುರದ ರೈತರೇ ದಾರಿ ತೋರಿಸುವುದು.

ಎರಡನೆಯದು ಹಾಳೆ. ಗೂಗಲ್ ಶೀಟಿನಲ್ಲಿ ಮನೆಗಳನ್ನು ಬರೆದು ಎಲ್ಲರಿಗೂ ಕೊಂಡಿ ಕಳಿಸಿ. ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಅಕ್ಷರ. ‘ಮದ್ದೂರು’ ಮೂರು ಮನೆ: ಮ, ದ್ದೂ, ರು. ಆದರೆ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಅದೇ ಶೀಟಿನಲ್ಲಿ ಉದ್ದ ಎಣಿಸುವ ಸೂತ್ರ ಹಾಕಿದರೆ ‘ಮದ್ದೂರು’ ಏಳು ಎಂದು ತೋರಿಸುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ, ಒತ್ತಿಗೆ ಹಾಕುವ ಅರ್ಧಾಕ್ಷರದ ಗುರುತೂ ಬೇರೆ. ಇಂಗ್ಲಿಷಿಗೆಂದು ಮಾಡಿದ ಪದಬಂಧದ ಆ್ಯಪ್‌ಗಳಲ್ಲಿ ಕನ್ನಡ ತುಂಬಿಸಲು ಹೋಗಿ ಒತ್ತೆಲ್ಲ ಒಡೆದುಹೋಗುವುದು ಇದರಿಂದಲೇ. ಅವನ್ನು ಬಿಟ್ಟುಬಿಡಿ. ಅಕ್ಷರ ಕಲಸಿ ಪದ ಹುಡುಕಿಕೊಡುವ ಜಾಲತಾಣಗಳೂ ಇದೇ ಕಾರಣಕ್ಕೆ ಕನ್ನಡಕ್ಕೆ ಒದಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಂತೂ ಟೈಪ್ ಮಾಡಲೇಬೇಡಿ. ಇನ್ನೊಬ್ಬರ ಫೋನಿನಲ್ಲಿ ಅದು ಬರೀ ಗೀಚು.

ಸುಳಿವನ್ನು ಸೀಳುವುದು

ಇಲ್ಲೇ ಎಲ್ಲರೂ ಎಡವುವುದು. ಒಂದು ಸುಳಿವು ನೋಡಿ:

ಹೊಳೆ ಹಿಂದಕ್ಕೆ ಹರಿದರೆ ವಾರದಲ್ಲಿ ಏಳು (2)

ನಮ್ಮ ಕಡೆಯ ಗುಂಪಿಗೆ ಇದನ್ನು ಹಾಕಿದರೆ ಮೊದಲು ಬರುವ ಉತ್ತರ ‘ಹಿನ್ನೀರು’. ಕೆಆರ್‌ಎಸ್ ಕಣ್ಣ ಮುಂದೆ ಬಂದಿರುತ್ತದೆ. ಆಮೇಲೆ ಕಾವೇರಿ ದಡದ ‘ಬಲಮುರಿ’. ಒಂದು ಮೂರು ಅಕ್ಷರ, ಇನ್ನೊಂದು ನಾಲ್ಕು. ಬೇಕಾದ್ದು ಎರಡು. ಎಣಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸುಳಿವು ಒಂದು ಚಿತ್ರ ಕಟ್ಟಿಕೊಡುತ್ತದೆ, ಎಲ್ಲರೂ ಆ ಚಿತ್ರದೊಳಗೆ ಇಳಿದುಬಿಡುತ್ತಾರೆ. ಹಾಗೆ ಇಳಿಯಲಿ ಎಂದೇ ಅದನ್ನು ಬರೆದಿರುವುದು. ಅದಕ್ಕೇ ಸುಳಿವನ್ನು ವಾಕ್ಯದಂತೆ ಓದಬೇಡಿ. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ನೋಡಿ. ಅಲ್ಪವಿರಾಮ, ಪ್ರಶ್ನೆಚಿಹ್ನೆಗಳನ್ನು ಸದ್ಯಕ್ಕೆ ಮರೆತುಬಿಡಿ.

ಅರ್ಥದ ಭಾಗ ಯಾವಾಗಲೂ ಸುಳಿವಿನ ಒಂದು ತುದಿಯಲ್ಲೇ ಇರುತ್ತದೆ. ಆರಂಭದಲ್ಲಿ, ಇಲ್ಲವೇ ಕೊನೆಯಲ್ಲಿ. ನಡುವೆ ಎಂದೂ ಇರುವುದಿಲ್ಲ. ಕನ್ನಡದಲ್ಲಿ ‘ಹೀಗಾದರೆ ಹಾಗೆ’ ಎಂದು ಹೇಳುವ ರೂಢಿ ಇರುವುದರಿಂದ ಅದು ಕೊನೆಗೆ ಬರುವುದೇ ಜಾಸ್ತಿ. ಹಾಗಾಗಿ ಕೊನೆಯಿಂದ ಶುರು ಮಾಡಿ. ‘ಏಳು’ ಒಂದೇ ಅರ್ಥವಾಗಿರಬಹುದೇ? ಹಾಸಿಗೆಯಿಂದ ಏಳುವುದೋ, ಸಂಖ್ಯೆಯೋ? ಎರಡನ್ನೂ ಬರೆದಿಡಿ. ಈಗ ಇನ್ನೊಂದು ಪದ ಸೇರಿಸಿ: ‘ವಾರದಲ್ಲಿ ಏಳು’. ವಾರದಲ್ಲಿ ಏಳು ಇರುವುದು ದಿನ! ಉಳಿದದ್ದು ‘ಹೊಳೆ ಹಿಂದಕ್ಕೆ ಹರಿದರೆ’. ಹೊಳೆ ಎಂದರೆ ನದಿ. ನದಿಯನ್ನು ಹಿಂದಿನಿಂದ ಓದಿ: ದಿ, ನ. ಅರ್ಥವೂ ಸರಿ, ಆಟವೂ ಸರಿ. ಎರಡೂ ಒಂದೇ ಕಡೆ ಬಂದು ನಿಂತ ಮೇಲೆ ಅನುಮಾನಕ್ಕೆ ಜಾಗವೇ ಇಲ್ಲ. ಗೂಢ ಪದಬಂಧದ ಸುಖ ಇರುವುದೇ ಇಲ್ಲಿ.

ಹಾಗಾಗಿ ಗುಂಪಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇರಲಿ. ದಾರಿ ಹೇಳದ ಉತ್ತರಕ್ಕೆ ಬೆಲೆ ಇಲ್ಲ. ಉತ್ತರ ಸಿಗದಿದ್ದರೂ ಅರ್ಧ ದಾರಿಯನ್ನು ಬರೆಯಬಹುದು. ‘ಅರ್ಥ ಕೊನೆಯ ಎರಡು ಪದ ಇರಬೇಕು, ಹಿಂದಕ್ಕೆ ಎಂದರೆ ತಿರುಗಿಸುವ ಸೂಚನೆ’ ಎಂದು ಒಬ್ಬರು ಬರೆದರೆ ಸಾಕು, ಉಳಿದದ್ದನ್ನು ಇನ್ನೊಬ್ಬರು ಮುಗಿಸುತ್ತಾರೆ. ಒಟ್ಟಿಗೆ ಬಿಡಿಸುವುದು ಎಂದರೆ ಇದೇ. ಅರ್ಥ ಎಂದು ಅನಿಸಿದ ಭಾಗದ ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕಿ, ವಾಟ್ಸಾಪ್‌ನಲ್ಲಿ ಅದು ದಪ್ಪಕ್ಷರವಾಗುತ್ತದೆ. ಎಲ್ಲಿ ಸೀಳಿದ್ದೀರಿ ಎಂದು ಎಲ್ಲರಿಗೂ ಒಂದೇ ನೋಟಕ್ಕೆ ಕಾಣುತ್ತದೆ.

ಸೂಚನೆಯ ಪದಗಳನ್ನು ಗುರುತಿಸುವುದು ರೂಢಿಯಿಂದ ಬರುತ್ತದೆ. ತಿರುಗು, ಹಿಮ್ಮುಖ, ವಾಪಸ್ ಎಂದರೆ ಹಿಂದಿನಿಂದ ಓದಿ. ಕದಡಿದ, ವಿಕಾರವಾದ, ಚೆಲ್ಲಾಪಿಲ್ಲಿ ಎಂದರೆ ಅಕ್ಷರ ಕಲಸಿ. ‘ವಿಕಾರವಾದ ವದನ ಮಲ್ಲಿಗೆ ಮಾಲೆಯಲ್ಲಿ ಘಮಘಮ (3)’ ಎಂದರೆ ದವನ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಳ್ಳುವವರಿಗೆ ಇದು ಥಟ್ಟನೆ ಹೊಳೆಯುತ್ತದೆ. ತಲೆ ಹೋದರೆ ಮೊದಲ ಅಕ್ಷರ ಬಿಡಿ, ಬಾಲ ಹೋದರೆ ಕೊನೆಯದು.

ಕನ್ನಡದ ಸೂಚನೆ ಎಷ್ಟೋ ಸಲ ಬೇರೆ ಪದವಾಗಿ ನಿಲ್ಲದೆ ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಇದನ್ನು ತಪ್ಪಿಸಿಕೊಳ್ಳುವವರೇ ಜಾಸ್ತಿ.

ನವಿಲಿನ ಗರಿಯೊಳಗೆ ಪಟ್ಟಣ (3)

ಇಲ್ಲಿ ‘ಒಳಗೆ’ ಎನ್ನುವುದು ಸೂಚನೆ. ಯಾವುದರ ಒಳಗೆ? ‘ನವಿಲಿನ ಗರಿ’ ಎಂಬ ಅಕ್ಷರಗಳ ಸಾಲಿನ ಒಳಗೆ. ನವಿಲಿ ಬಿಡಿ, ಉಳಿದದ್ದು ನ, ಗ, ರಿ. ನಗರಿ! ಉತ್ತರ ಕಣ್ಣೆದುರಿಗೇ ಬಿದ್ದಿತ್ತು. ವಿಭಕ್ತಿಯ ಪ್ರತ್ಯಯಗಳನ್ನು ಬೆರಳಿಟ್ಟು ಓದಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಬಗೆಯಲ್ಲಿ ಒಂದು ಪದದ ಹೊಟ್ಟೆಯೊಳಗೆ ಇನ್ನೊಂದನ್ನು ಇಡುತ್ತಾರೆ. ‘ನಕ್ಷತ್ರದ ನಡುವೆ ವಸಂತದ ಆರಂಭ, ಕೆರೆಯಲ್ಲಿ ಅರಳುವುದು (3)’. ನಕ್ಷತ್ರ ತಾರೆ. ವಸಂತದ ಆರಂಭ ‘ವ’. ಸೇರಿಸಿದರೆ ತಾವರೆ.

ಅಕ್ಷರದ ಲೆಕ್ಕ, ಸಂಧಿಯ ಲೆಕ್ಕ

ತಿರುಗಿಸುವಾಗ ಕಾಗುಣಿತ ಅಕ್ಷರದ ಜೊತೆಗೇ ಹೋಗುತ್ತದೆ. ‘ರಾಮ’ ತಿರುಗಿದರೆ ‘ಮರಾ’, ‘ಮಾರ’ ಅಲ್ಲ. ವಾಲ್ಮೀಕಿಯ ಕತೆಯಲ್ಲಿ ಮರಾ ಮರಾ ಎನ್ನುತ್ತಾ ರಾಮ ರಾಮ ಆದದ್ದೂ ಈ ಲೆಕ್ಕದಲ್ಲೇ. ಕೆಲವರು ದೀರ್ಘವನ್ನು ಬೇಕಾದ ಕಡೆ ಜರುಗಿಸಿಕೊಳ್ಳುತ್ತಾರೆ. ಒಪ್ಪಬೇಡಿ. ಒಮ್ಮೆ ಸಡಿಲ ಬಿಟ್ಟರೆ ಯಾವ ಪದದಿಂದ ಯಾವ ಪದವನ್ನಾದರೂ ಮಾಡಬಹುದು, ಆಟವೇ ಉಳಿಯುವುದಿಲ್ಲ.

ಪದಕ್ಕೆ ಪದ ಸೇರಿಸುವ ಸುಳಿವು ಸುಲಭ ಎಂದು ಎಲ್ಲರೂ ತಿಳಿದಿರುತ್ತಾರೆ. ‘ಹಾವಿಗೂ ಶುಭ, ಮಂಡ್ಯದ ತಾಲ್ಲೂಕು (5)’ ಎಂದರೆ ನಾಗ, ಮಂಗಲ, ನಾಗಮಂಗಲ. ‘ಉಜ್ಜುವ ಸಾಧನ, ಬಿಡಾರ ಸೇರಿ ಮೈಸೂರಿನಲ್ಲಿ 1912ಕ್ಕೆ ಕಟ್ಟಿ ಮುಗಿಸಿದ್ದು (4)’ ಎಂದರೆ ಅರ, ಮನೆ, ಅರಮನೆ. ಇವೆಲ್ಲ ಸಲೀಸು. ಈಗ ಇದನ್ನು ನೋಡಿ:

ಔಷಧಿಗೆ ಗ್ರಾಮ ಸೇರಿದರೆ ವಡೆಯ ತವರು (3)

ಔಷಧಿ ಮದ್ದು, ಎರಡು ಅಕ್ಷರ. ಗ್ರಾಮ ಊರು, ಎರಡು ಅಕ್ಷರ. ಒಟ್ಟು ನಾಲ್ಕಾಯಿತು, ಮನೆ ಮೂರೇ ಇದೆ. ಇಲ್ಲಿಗೆ ಬಂದು ‘ಲೆಕ್ಕ ಕೂಡುತ್ತಿಲ್ಲ, ಇದಲ್ಲ’ ಎಂದು ಸರಿಯಾದ ದಾರಿಯನ್ನೇ ಬಿಟ್ಟುಹೋಗುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಶಾಲೆಯಲ್ಲಿ ಕಲಿತ ಲೋಪಸಂಧಿ ನೆನಪು ಮಾಡಿಕೊಳ್ಳಿ. ಮದ್ದು, ಊರು ಸೇರಿ ಮದ್ದೂರು, ಮೂರೇ ಅಕ್ಷರ. ಎರಡನೆಯ ಪದ ಸ್ವರದಿಂದ ಶುರುವಾಗಿ ಲೋಪಸಂಧಿ ಆದರೆ ಒಂದು ಅಕ್ಷರ ಕಡಿಮೆಯಾಗುತ್ತದೆ. ವಿದ್ಯಾ, ಆಲಯ ಸೇರಿ ವಿದ್ಯಾಲಯ ಆಗುವಂಥ ಸಂಸ್ಕೃತ ಸಂಧಿಯಲ್ಲೂ ಹಾಗೇ. ಆಗಮಸಂಧಿಯಲ್ಲಿ ಲೆಕ್ಕ ಅಷ್ಟೇ ಇರುತ್ತದೆ, ಆದರೆ ನಡುವೆ ಯ ಅಥವಾ ವ ಬಂದು ಸ್ವರದ ಜಾಗದಲ್ಲಿ ಕೂರುತ್ತದೆ. ಆದೇಶಸಂಧಿಯಲ್ಲೂ ಲೆಕ್ಕ ಅಷ್ಟೇ, ಅಕ್ಷರ ಮಾತ್ರ ಬದಲಾಗುತ್ತದೆ. ಮಳೆ, ಕಾಲ ಸೇರಿ ಮಳೆಗಾಲ. ಇಷ್ಟನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ತಕರಾರು ಕಡಿಮೆ.

ಉಚ್ಚಾರಣೆಯ ಮೇಲೆ ಆಡುವ ಸುಳಿವು ಇಂಗ್ಲಿಷಿನಲ್ಲಿ ತುಂಬ. ನಾವು ನುಡಿದಂತೆ ಬರೆಯುವವರು, ನಮಗೆ ಆ ಅವಕಾಶ ಕಡಿಮೆ. ಆದರೆ ನಮ್ಮ ಸೀಮೆಯ ಮಾತು ಒಂದು ದಾರಿ ಕೊಟ್ಟಿದೆ. ‘ಮಂಡ್ಯದ ಹಳ್ಳಿಯಲ್ಲಿ ಹಾಳು ಎನ್ನಿ, ಕೂಲಿಗೆ ಬರುತ್ತಾನೆ (2)’. ಹಕಾರ ಬಿಟ್ಟು ಹೇಳಿ: ಆಳು. ಇಂಥ ಸುಳಿವು ಇನ್ನೂ ಜಾಸ್ತಿ ಬರಲಿ ಎಂದು ನನ್ನ ಆಸೆ.

ಒಂದಕ್ಕೊಂದು ಅಡ್ಡ ಬರುವ ಪದಗಳಿಂದ ಸಿಕ್ಕ ಅಕ್ಷರ ತುಂಬಿಸಿಕೊಳ್ಳುತ್ತಾ ಹೋಗಿ. ಅನುಮಾನ ಇರುವ ಅಕ್ಷರಕ್ಕೆ ಬೂದು ಬಣ್ಣ ಹಾಕಿ.

ನಿಘಂಟು ಯಾವಾಗ ತೆರೆಯಬೇಕು? ಸುಳಿವು ಸೀಳಿದ ಮೇಲೆ, ಅದಕ್ಕೆ ಮೊದಲು ಅಲ್ಲ. ಅಂತರ್ಜಾಲದಲ್ಲಿರುವ ‘ಅಲರ್’ ಬೇಗ ಸಿಗುತ್ತದೆ. ವಿ. ಕೃಷ್ಣ ಅವರು ಒಂದೂವರೆ ಲಕ್ಷದಷ್ಟು ಪದಗಳನ್ನು ಕೂಡಿಸಿದ ನಿಘಂಟು ಅದು. ಹಳೆಯ ಪದಕ್ಕೆ 1894ರ ಕಿಟೆಲ್ ನಿಘಂಟು ಈಗಲೂ ಕೈಬಿಡುವುದಿಲ್ಲ. ಜಗಳ ತೀರ್ಮಾನಕ್ಕೆ ಮಾತ್ರ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳೇ ಆಗಬೇಕು. ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದ ಜಿ. ವೆಂಕಟಸುಬ್ಬಯ್ಯನವರು ಅದರ ಪ್ರಧಾನ ಸಂಪಾದಕರಾಗಿದ್ದರು. ಪರಿಷತ್ತಿನ ನಿಘಂಟಿನಲ್ಲಿ ಇದ್ದರೆ ಒಪ್ಪಿಗೆ ಎಂದು ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ.

ಫೋನಿನ ಎಐ ಕೇಳಿ ಉತ್ತರ ತರುವವರು ಈಗ ಎಲ್ಲ ಗುಂಪಿನಲ್ಲೂ ಇದ್ದಾರೆ. ಅದು ಹೇಳುವ ಪದ ಅರ್ಥಕ್ಕೆ ಹತ್ತಿರ ಇರುತ್ತದೆ, ಎಷ್ಟೋ ಸಲ ಅಕ್ಷರದ ಲೆಕ್ಕ ತಪ್ಪಿರುತ್ತದೆ. ಲೆಕ್ಕ ಸರಿ ಇದ್ದರೂ ಬೇಡ. ಹತ್ತು ಜನ ತಲೆ ಕೆಡಿಸಿಕೊಂಡು ಕೂತಿರುವಾಗ ಅದು ಸುಮ್ನೆ ಎಲ್ಲರ ಆಟ ಕೆಡಿಸಿದಂತೆ.

ಇನ್ನೂ ಯೋಚಿಸುತ್ತಿರುವವರ ಕಣ್ಣಿಗೆ ಉತ್ತರ ಬೀಳದಿರಲಿ. ಸಂದೇಶದ ಮೇಲೆ ಸಾಲು ಸಾಲು ಚುಕ್ಕೆ ಇಟ್ಟು ಕೆಳಗೆ ಬರೆದರೆ ಅದು ಮಡಚಿಕೊಂಡಿರುತ್ತದೆ, ಬೇಕಾದವರು ತೆರೆದು ನೋಡಲಿ. ಎರಡು ಉತ್ತರ ಹೊಂದುತ್ತಿದ್ದರೆ ಮತ ಹಾಕಿಸಬೇಡಿ. ಎರಡರ ದಾರಿಯನ್ನೂ ಬರೆಸಿ. ಸುಳಿವಿನ ಒಂದು ಪದವೂ ಹೆಚ್ಚಾಗಿ ಉಳಿಯದ ದಾರಿಯೇ ಸರಿಯಾದದ್ದು. ಎರಡರಲ್ಲೂ ಏನೂ ಉಳಿಯದಿದ್ದರೆ ತಪ್ಪು ಸುಳಿವು ಬರೆದವರದು, ಅವರು ತಿದ್ದಿಕೊಳ್ಳಬೇಕು.

ಈ ವಾರ ನಿಮ್ಮ ಗುಂಪಿಗೆ ಇದನ್ನು ಹಾಕಿ, ದಾರಿ ಸಮೇತ ಉತ್ತರ ಕೇಳಿ: ‘ಕೋತಿ ಲಾಗ ಹಾಕಿದರೆ ವಸಂತದ ಹಾಡುಗಾರ (2)’.