ಹುಣಸೆ ಬೀಜದ ಲೆಕ್ಕ: ಆಟಿಸಂ ಇರುವ ಮಕ್ಕಳೊಂದಿಗೆ ಮೈದಾನದಲ್ಲಿ

ತುಮಕೂರಿನ ನಮ್ಮ ಪ್ರೌಢಶಾಲೆಗೆ ಎಂಟನೇ ತರಗತಿಗೆ ಆ ವರ್ಷ ಒಬ್ಬ ಹುಡುಗ ಸೇರಿದ. ವಯಸ್ಸು ಹದಿನಾಲ್ಕು, ನನಗಿಂತ ಎತ್ತರ. ಅವನ ಕಡತದಲ್ಲಿ ಆಟಿಸಂ, ಅಂದರೆ ಸ್ವಲೀನತೆ ಎಂದು ಬರೆದಿತ್ತು. ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಅಷ್ಟು ಹೊತ್ತಿಗೆ ನನಗೆ ಹನ್ನೊಂದು ವರ್ಷಗಳ ಅನುಭವವಿತ್ತು. ಹೆಣ್ಣುಮಕ್ಕಳ ಖೋ–ಖೋ ತಂಡವನ್ನು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಕರೆದೊಯ್ದಿದ್ದೆ. ಆದರೆ ಈ ಹುಡುಗನಿಗೆ ಏನು ಆಡಿಸಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆಟದ ಪೀರಿಯಡ್‌ನಲ್ಲಿ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿಬಿಡಿ ಎಂದರು ಸಹೋದ್ಯೋಗಿಗಳು. ಎರಡು ವಾರ ಹಾಗೆಯೇ ಮಾಡಿದೆ. ಉಳಿದ ಮಕ್ಕಳು ಓಡುವುದನ್ನು ಅವನು ಕಣ್ಣಿನ ಅಂಚಿನಿಂದ ನೋಡುತ್ತಿದ್ದ. ಅದನ್ನು ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಮೂರನೇ ವಾರ ಅವನನ್ನು ಎಬ್ಬಿಸಿ, ಎಲ್ಲರೊಡನೆ ಸಾಲಿನಲ್ಲಿ ನಿಲ್ಲಿಸಿ, ವಿಸಿಲ್ ಊದಿದೆ. ಅವನು ಎರಡೂ ಕಿವಿ ಮುಚ್ಚಿಕೊಂಡ. ಹಟವೆಂದು ತಿಳಿದು ಕೈ ಹಿಡಿದು ಎಳೆದೆ. ಅವನು ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡು ನೆಲಕ್ಕೆ ಕುಸಿದ. ಅವನ ತಾಯಿ ಬರುವವರೆಗೂ ಅಳು ನಿಲ್ಲಲಿಲ್ಲ. ಅವನು ಮತ್ತೆ ಮೈದಾನಕ್ಕೆ ಕಾಲಿಡಲು ಒಂದು ತಿಂಗಳು ಬೇಕಾಯಿತು. ಅಂದಿನದು ಪೂರ್ತಿ ನನ್ನ ತಪ್ಪು.

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಲು ಶಾಲೆಗಳಿಗೆ ಬರುವ ಬಿಐಇಆರ್‌ಟಿ ಶಿಕ್ಷಕಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಓಡು ಎಂದಿರಿ. ಎಲ್ಲಿಯವರೆಗೆ ಎಂದು ಹೇಳಿದಿರಾ?"

ಹೇಳಿರಲಿಲ್ಲ. ಉಳಿದ ಮಕ್ಕಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಮುಂದಿನವನು ತಿರುಗಿದಲ್ಲಿ ತಿರುಗಬೇಕು, ಮೇಡಂ ಕೈ ಎತ್ತಿದಾಗ ನಿಲ್ಲಬೇಕು, ಬೆಲ್ ಹೊಡೆದಾಗ ತರಗತಿಗೆ ಹೋಗಬೇಕು ಎಂಬುದನ್ನು ಅವರು ಒಬ್ಬರನ್ನೊಬ್ಬರು ನೋಡಿಯೇ ಕಲಿತುಬಿಡುತ್ತಾರೆ. ಈ ಹುಡುಗನಿಗೆ ಹಾಗೆ ನೋಡಿ ತಿಳಿಯುವುದು ಕಷ್ಟ. ಕೊನೆಯೇ ಕಾಣದ ಓಟಕ್ಕೆ ಯಾರು ತಾನೇ ಹೊರಡುತ್ತಾರೆ?

ಮನೆಯಲ್ಲಿ ಹುಣಸೆಹಣ್ಣು ಕುಟ್ಟಿದ ಮೇಲೆ ಉಳಿದ ಬೀಜ ಬೇಕಾದಷ್ಟಿತ್ತು. ಎರಡು ಡಬ್ಬ ತಂದೆ, ಒಂದು ಕೆಂಪು, ಒಂದು ನೀಲಿ. ಹದಿನೈದು ಹೆಜ್ಜೆ ದೂರದಲ್ಲಿ ಒಂದೊಂದನ್ನು ಇಟ್ಟು, ಕೆಂಪು ಡಬ್ಬದಲ್ಲಿ ಒಂದೇ ಒಂದು ಬೀಜ ಹಾಕಿದೆ. ನಾನೇ ಅದನ್ನು ತೆಗೆದುಕೊಂಡು ಓಡಿ, ನೀಲಿ ಡಬ್ಬಕ್ಕೆ ಹಾಕಿ, ಕೆಂಪು ಡಬ್ಬವನ್ನು ಬೋರಲು ಹಾಕಿ ತೋರಿಸಿ "ಮುಗಿಯಿತು" ಎಂದೆ. ಮೂರು ದಿನ ಅವನು ಬರೀ ನೋಡಿದ. ನಾಲ್ಕನೆಯ ದಿನ ತಾನೇ ಬೀಜವನ್ನೆತ್ತಿಕೊಂಡು ನಡೆದುಹೋಗಿ ನೀಲಿ ಡಬ್ಬಕ್ಕೆ ಹಾಕಿದ. ನಾನು "ಮುಗಿಯಿತು" ಎಂದೆ. ಅವನು ಹೋಗಿ ಮರದ ಕೆಳಗೆ ಕುಳಿತ. ಅಂದಿನ ವ್ಯಾಯಾಮ ಅಷ್ಟೇ.

ಆ "ಮುಗಿಯಿತು" ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಅದನ್ನು ಮುರಿದಾಗ. ಎರಡು ತಿಂಗಳಲ್ಲಿ ಅವನು ನಾಲ್ಕು ಬೀಜಕ್ಕೆ ಬಂದಿದ್ದ, ನಡಿಗೆ ಹೋಗಿ ಓಟವಾಗಿತ್ತು. ಒಂದು ಬೆಳಿಗ್ಗೆ ನಾಲ್ಕನ್ನೂ ಚೆನ್ನಾಗಿ ಮುಗಿಸಿದ. ಹುಮ್ಮಸ್ಸಿನಲ್ಲಿ ನಾನು ಐದನೆಯದನ್ನು ಕೆಂಪು ಡಬ್ಬಕ್ಕೆ ಹಾಕಿ "ಇನ್ನೊಂದೇ ಒಂದು" ಎಂದೆ. ನಮ್ಮ ವೃತ್ತಿಯಲ್ಲಿ ಇದು ನಾಲಿಗೆಯ ತುದಿಯಲ್ಲೇ ಇರುವ ಮಾತು. ಅವನು ಬೀಜವನ್ನು ನೋಡಿದ, ನನ್ನನ್ನು ನೋಡಿದ, ಹೊರಟುಹೋದ. ಆಮೇಲೆ ಒಂಬತ್ತು ದಿನ ಆ ಡಬ್ಬವನ್ನು ಮುಟ್ಟಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ಮಗುವಿಗೂ ನಾನು "ಇನ್ನೊಂದೇ ಒಂದು" ಎಂದಿಲ್ಲ. ಹೆಚ್ಚಿಸಬೇಕಿದ್ದರೆ ನಾಳೆ, ಅದೂ ಆರಂಭಕ್ಕೆ ಮೊದಲೇ ಬೀಜ ಎಣಿಸಿ ತೋರಿಸಿ.

ವಿಸಿಲ್ ಬಿಟ್ಟೆ. ಅದರ ಬದಲು ಹಸಿರು ಬಟ್ಟೆಯ ತುಂಡೊಂದನ್ನು ಮೇಲೆತ್ತುತ್ತೇನೆ. ಬಟ್ಟೆ ಏರಿದರೆ ಶುರು, ಇಳಿದರೆ ನಿಲ್ಲುವುದು. ಇಡೀ ತರಗತಿಗೆ ಈಗ ಅದೇ ರೂಢಿಯಾಗಿದೆ. ಶಬ್ದವಷ್ಟೇ ಅಲ್ಲ, ಮೈಗೆ ತಾಗುವ ಸಣ್ಣಪುಟ್ಟದ್ದೂ ಈ ಮಕ್ಕಳಿಗೆ ದೊಡ್ಡ ಹಿಂಸೆಯಾಗಬಹುದು. ಕ್ರೀಡಾ ಸಮವಸ್ತ್ರದ ಕತ್ತಿನ ಪಟ್ಟಿ ಚುಚ್ಚುತ್ತಿದ್ದುದರಿಂದ ಒಬ್ಬ ಹುಡುಗ ಅಂಗಿಯನ್ನೇ ಕಿತ್ತೆಸೆಯುತ್ತಿದ್ದ. ಪಟ್ಟಿಯನ್ನು ಕತ್ತರಿಸಿ ತೆಗೆದ ದಿನವೇ ಆ ರಗಳೆ ನಿಂತಿತು. ಬೆವರಿನ ಅಂಟು ಸಹಿಸಲಾಗದವರಿಗೆ ಬೆಳಿಗ್ಗೆ ಆರೂವರೆಯ ಹೊತ್ತೇ ಒಳ್ಳೆಯದು. ನಮ್ಮೂರಿನ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಂತೂ ಎಂಟು ಗಂಟೆಯ ಮೇಲೆ ನಾನು ಯಾರನ್ನೂ ಓಡಿಸುವುದಿಲ್ಲ. ಬಾಯಾರಿಕೆ, ನೋವು ಇವರಿಗೆ ತಡವಾಗಿ ತಿಳಿಯಬಹುದು, ತಿಳಿದರೂ ಹೇಳಲು ಬಾರದಿರಬಹುದು. ಆದ್ದರಿಂದ ಕೇಳಿದಾಗ ನೀರು ಎಂಬ ಪದ್ಧತಿ ಇಲ್ಲ. ಎರಡು ಬೀಜಕ್ಕೊಮ್ಮೆ ನೀರು.

ಸುದ್ದಿ ಹರಡಿ ಬೇರೆ ಶಾಲೆಗಳ ತಂದೆತಾಯಂದಿರೂ ಬರತೊಡಗಿದರು. ಭಾನುವಾರ ಬೆಳಿಗ್ಗೆ ಐದಾರು ಮಕ್ಕಳು ಸೇರುವಂತಾಯಿತು. ಹೆಚ್ಚಿನವರದು ಒಂದೇ ಮಾತು: "ಮೊದಲು ಮಾತು ಬರಲಿ ಮೇಡಂ, ಆಟ ಆಮೇಲೆ ನೋಡೋಣ." ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹದಿನಾಲ್ಕು, ಹದಿನೈದರ ದೇಹ ಮಾತಿಗಾಗಿ ಕಾಯುವುದಿಲ್ಲ. 5ರಿಂದ 17ರ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂಗವೈಕಲ್ಯವಿರುವ ಮಕ್ಕಳಿಗೂ ಅದೇ ಮಾತನ್ನು ಹೇಳಿದೆ. ನಾವು ಶುರು ಮಾಡುವುದು ನಾಲ್ಕು ನಿಮಿಷದಿಂದ. ಕೆಲವರು ಸಿಟ್ಟು, ಚಡಪಡಿಕೆಗಾಗಿ ರಿಸ್ಪೆರಿಡೋನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರಿಂದ ಹಸಿವೂ ತೂಕವೂ ಏರುವುದುಂಟು. ಹಾಗೆ ತೂಕ ಏರಿದ ಹುಡುಗನನ್ನು "ಸೋಮಾರಿ" ಎಂದವರನ್ನು ಕಂಡಿದ್ದೇನೆ. ನನಗೆ ತಡೆಯಲಾಗದ ಕೋಪ ಬರುತ್ತದೆ. ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು, ಅದು ವೈದ್ಯರು ನಿರ್ಧರಿಸಬೇಕಾದದ್ದು. ನಮ್ಮ ಕೈಯಲ್ಲಿರುವುದು ನಡಿಗೆ, ಓಟ, ಎಸೆತ.

ಮೊದಲ ದಿನ ಪ್ರತಿಯೊಬ್ಬ ತಾಯಿಗೂ ನಾನು ಕೇಳುವ ಪ್ರಶ್ನೆ, ಫಿಟ್ಸ್ ಬಂದಿದೆಯೇ ಎಂಬುದು. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಹದಿಹರೆಯದಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದೂ ಉಂಟು. ಎರಡನೆಯ ಪ್ರಶ್ನೆ, ಮಗು ಕೈ ತಪ್ಪಿಸಿಕೊಂಡು ಓಡುತ್ತದೆಯೇ, ನೀರೆಂದರೆ ಸೆಳೆತವೇ? ಅಮಾನಿಕೆರೆಯ ದಡದಲ್ಲಿ ನಡಿಗೆ ಮಾಡಿಸುವಾಗ ಈ ಉತ್ತರವೇ ನಮ್ಮನ್ನು ಕಾಯುತ್ತದೆ. ನೀರಿನ ಕಡೆಗೆ ಯಾವಾಗಲೂ ದೊಡ್ಡವರೊಬ್ಬರು, ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬರು, ಜೇಬಿನಲ್ಲಿ ಮನೆಯವರ ದೂರವಾಣಿ ಸಂಖ್ಯೆಯ ಚೀಟಿ. ಜನ ಕಡಿಮೆಯಿದ್ದರೆ ಅಂದು ಕೆರೆಯ ಕಡೆ ಹೋಗುವುದೇ ಇಲ್ಲ.

ಒಬ್ಬ ತಂದೆ ಜಿಯಾ ರಾಯ್ ಎಂಬ ಮುಂಬೈನ ಹುಡುಗಿಯ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದರು. ಆಟಿಸಂ ಇರುವ ಆಕೆ 2022ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಭಾರತ ಮತ್ತು ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಯನ್ನು ಈಜಿ ದಾಟಿದಳು. "ನಮ್ಮವನೂ ಹಾಗಾಗುತ್ತಾನೆಯೇ ಮೇಡಂ?" ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಮೊದಲು ಅವನಿಗೆ ನೀರಿನಲ್ಲಿ ತೇಲಲು ಕಲಿಸಿ, ಅದು ಅವನ ಜೀವಕ್ಕೆ ಬೇಕು ಎಂದೆ.

ಯಾವ ಆಟ ಎಂಬುದನ್ನು ನಿರ್ಧರಿಸಲು ನನಗೆ ಬಹಳ ಕಾಲ ಬೇಕಾಯಿತು. ನನಗೆ ಪ್ರಾಣವಾದ ಖೋ–ಖೋದಲ್ಲೇ ಮೊದಲು ಸೋತೆ. ಆ ಆಟದ ಸೊಗಸೆಲ್ಲ ಇರುವುದು ಅನಿರೀಕ್ಷಿತದಲ್ಲಿ: ಬೆನ್ನ ಹಿಂದಿನಿಂದ ಯಾರೋ ಬಂದು ಮುಟ್ಟಿ "ಖೋ" ಎನ್ನುತ್ತಾರೆ, ಕ್ಷಣದಲ್ಲಿ ಎದ್ದು ಓಡಬೇಕು. ಹಿಂದಿನಿಂದ ಬರುವ ಸ್ಪರ್ಶವೇ ಭಯವಾಗಿರುವ ಮಗುವಿಗೆ ಅದು ಆಟವಾಗುವುದು ಹೇಗೆ? ಕಬಡ್ಡಿಯೂ ಅಷ್ಟೇ, ಮೈಮೇಲೆ ಏಳು ಜನ. ಆದರೆ ಕುಂಟೆಬಿಲ್ಲೆಗೆ ಗೆರೆಯಿದೆ, ಮನೆಗಳಿಗೆ ಲೆಕ್ಕವಿದೆ, ಹೋಗಿ ಬಂದರೆ ಮುಗಿಯಿತು. ಒಬ್ಬ ಹುಡುಗಿ ನಮ್ಮಲ್ಲಿ ಮೊದಲು ಆಡಿದ್ದು ಅದನ್ನೇ. ಎಂಟು ಮನೆಗಳನ್ನು ಕುಂಟುವಾಗ ಅವಳು ಒಂದೊಂದು ಮನೆಗೂ ಒಂದೊಂದು ವಾರದ ಹೆಸರು ಹೇಳುತ್ತಿದ್ದಳು, ಎಂಟನೆಯದಕ್ಕೆ ಮತ್ತೆ ಸೋಮವಾರ. ತುದಿಗಾಲಿನಲ್ಲೇ ನಡೆಯುತ್ತಿದ್ದ ಅವಳಿಗೆ ಪೂರ್ತಿ ಪಾದ ಊರಿ ನಿಲ್ಲುವ ಅಭ್ಯಾಸವೂ ಅದರಲ್ಲೇ ಆಯಿತು. ಮುಟ್ಟಾದ ದಿನಗಳಲ್ಲಿ ಏನು ಮಾಡುವುದೆಂದು ಅವಳ ತಾಯಿ ಚಿಂತೆಗೀಡಾದಾಗ ನಾವಿಬ್ಬರೂ ಕೂತು ಚಿತ್ರಗಳ ಪಟ್ಟಿಯೊಂದನ್ನು ಬರೆದೆವು: ಶೌಚಾಲಯ, ಪ್ಯಾಡ್, ಕೈ ತೊಳೆಯುವುದು, ನಂತರ ಆಟ ಅಥವಾ ವಿಶ್ರಾಂತಿ. ಆ ಎರಡರಲ್ಲಿ ಒಂದರ ಮೇಲೆ ಅವಳೇ ಬೆರಳಿಡುತ್ತಾಳೆ. ಹೆಚ್ಚಿನ ಸಲ ಆಟದ ಮೇಲೆ.

ನನ್ನ ಮೊದಲ ಹುಡುಗನಿಗೆ ಒಲಿದದ್ದು ಗುಂಡು ಎಸೆತ. ಯೋಚಿಸಿದಷ್ಟೂ ಆ ಸ್ಪರ್ಧೆ ಅವನಿಗಾಗಿಯೇ ಇದೆ ಎನಿಸುತ್ತದೆ. 2.135 ಮೀಟರ್ ಅಗಲದ ಒಂದು ವೃತ್ತ, ಅದರೊಳಗೆ ಅವನೊಬ್ಬನೇ. ಪಿಸ್ತೂಲಿನ ಸದ್ದಿಲ್ಲ, ಯಾರೂ ಮುಟ್ಟುವುದಿಲ್ಲ, ಯಾರಿಗೂ ಪಾಸ್ ಕೊಡಬೇಕಿಲ್ಲ. ಭಾರ ಎತ್ತುವ, ತಳ್ಳುವ ಕೆಲಸ ಅವನನ್ನು ಶಾಂತಗೊಳಿಸುತ್ತದೆ ಎಂಬುದನ್ನು ನೀರಿನ ಕ್ಯಾನ್ ಹೊರುವಾಗಲೇ ಗಮನಿಸಿದ್ದೆ. ಕಬ್ಬಿಣದ ತಣ್ಣನೆಯ ಗುಂಡನ್ನು ಕುತ್ತಿಗೆಗೆ ತಾಗಿಸಲು ಅವನು ಒಪ್ಪಲಿಲ್ಲ. ಮರಳು ತುಂಬಿದ ಬಟ್ಟೆಯ ಗಂಟಿನಿಂದ ಆರಂಭಿಸಿದೆವು. ಆಮೇಲೆ ಗುಂಡನ್ನು ಸ್ವಲ್ಪ ಹೊತ್ತು ಎಳೆಬಿಸಿಲಿನಲ್ಲಿಟ್ಟು ಕೊಟ್ಟೆವು. ಬೆರಳುಗಳ ಬುಡದಲ್ಲಿ ಗುಂಡು, ಕತ್ತಿನ ಪಕ್ಕಕ್ಕೆ, ಮೊಣಕಾಲು ಮಡಿಸಿ, ತಳ್ಳು: ನಾಲ್ಕು ಹಂತ, ನಾಲ್ಕು ಚಿತ್ರ. ಕೈ ಹಿಡಿದು ತೋರಿಸಬೇಕಾದಾಗ "ನಿನ್ನ ಮೊಣಕೈ ಮುಟ್ಟುತ್ತೇನೆ" ಎಂದು ಹೇಳಿ, ಅವನು ಕೈ ಮುಂದೆ ಚಾಚಿದರೆ ಮಾತ್ರ ಮುಟ್ಟಿದೆ. ಮೊದಲು ಮಣಿಕಟ್ಟು, ಕೆಲವು ವಾರಗಳ ನಂತರ ಮೊಣಕೈ, ನಂತರ ಭುಜ, ಕೊನೆಗೆ ಬರೀ ಬೆರಳ ತೋರಿಕೆ. ಇದು ಕಲಿಸುವ ಕ್ರಮವಷ್ಟೇ ಎಂದು ತಿಳಿಯಬೇಡಿ. ಮೈದಾನದಲ್ಲಿ ಯಾರು ಬೇಕಾದರೂ ತನ್ನ ಮೈ ಮುಟ್ಟಬಹುದು ಎಂದು ಕಲಿತ ಮಗು, ಬೇರೆಡೆ ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಬೇಡವೆನ್ನುವುದು ಹೇಗೆ?

ಗುಂಡು ನೆಲಕ್ಕೆ ಬೀಳುವವರೆಗೆ ವೃತ್ತದಿಂದ ಹೊರಬರಬಾರದು, ಬರುವಾಗ ಹಿಂಭಾಗದಿಂದಲೇ ಬರಬೇಕು ಎಂಬ ನಿಯಮವಿದೆ. ನಮ್ಮ ಒಳ್ಳೊಳ್ಳೆಯ ಎಸೆತಗಾರರೂ ಆತುರದಲ್ಲಿ ಇದನ್ನು ಮರೆತು ಫೌಲ್ ಆಗುತ್ತಾರೆ. ಅವನು ಒಮ್ಮೆಯೂ ಮರೆತಿಲ್ಲ.

ಹತ್ತನೇ ತರಗತಿಗೆ ಬಂದಾಗ ಅವನ ಹೆಸರನ್ನು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬರೆದೆ. ಅಲ್ಲಿದ್ದ ಒಬ್ಬರು "ಏನಾದರೂ ಆದರೆ ಜವಾಬ್ದಾರಿ ಯಾರು? ಬೇಡ ಮೇಡಂ" ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರತಿ ನನ್ನ ಚೀಲದಲ್ಲಿತ್ತು. ಆ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕ್ರೀಡೆಯಲ್ಲಿ ಇವರು ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಅದರ 30ನೇ ಸೆಕ್ಷನ್ ಹೇಳುತ್ತದೆ. ಓದಿ ತೋರಿಸಿದೆ. ಜಗಳವಾಡಲಿಲ್ಲ, ಆದರೆ ಹೆಸರು ಬರೆಸುವವರೆಗೆ ಮೇಜಿನ ಮುಂದಿನಿಂದ ಕದಲಲೂ ಇಲ್ಲ.

ಕೂಟದ ಹಿಂದಿನ ಸಂಜೆಯೇ ಅವನನ್ನು ಆ ಮೈದಾನಕ್ಕೆ ಕರೆದೊಯ್ದು ವೃತ್ತ, ನೀರಿನ ನಲ್ಲಿ, ಶೌಚಾಲಯ, ಕೂರುವ ಜಾಗ ಎಲ್ಲವನ್ನೂ ತೋರಿಸಿದ್ದೆವು. ಮರುದಿನ ಧ್ವನಿವರ್ಧಕದ ಗದ್ದಲವಿತ್ತು. ಅವನ ಸಹಪಾಠಿಗಳಿಬ್ಬರು ಅವನ ಸರದಿ ಬರುವವರೆಗೆ ಶಾಲೆಯ ಕಟ್ಟಡದ ಹಿಂದೆ, ಸದ್ದು ಕಡಿಮೆಯಿದ್ದ ಕಡೆ, ಅವನೊಡನೆ ಕೂತಿದ್ದರು. ಆ ಜಾಗವನ್ನು ಹುಡುಕಿದ್ದು ಅವರೇ, ನಾನು ಹೇಳಿರಲಿಲ್ಲ. ಅವರಲ್ಲೊಬ್ಬನ ಜೇಬಿನಲ್ಲಿ ಮೂರು ಹುಣಸೆ ಬೀಜಗಳಿದ್ದವು, ಮೂರು ಎಸೆತಕ್ಕೆ. ಅವನು ಮೂರನ್ನೂ ಎಸೆದ. ಸ್ಥಾನವೇನೂ ಬರಲಿಲ್ಲ. ಮೂರನೆಯದಾದ ಮೇಲೆ ವೃತ್ತದ ಹಿಂಭಾಗದಿಂದ ಹೊರಬಂದು, ಬೀಜವನ್ನು ಡಬ್ಬಕ್ಕೆ ಹಾಕಿ, "ಮುಗಿಯಿತು" ಎಂದ. ಅಷ್ಟು ವರ್ಷ ನಾನು ಹೇಳುತ್ತಿದ್ದ ಮಾತನ್ನು ಅವನ ಬಾಯಲ್ಲಿ ಅಂದೇ ಮೊದಲು ಕೇಳಿದ್ದು. ಅವನ ತಾಯಿ ನನ್ನ ಕೈ ಹಿಡಿದುಕೊಂಡರು. ಇಬ್ಬರಿಗೂ ಮಾತು ಬರಲಿಲ್ಲ.

ಈಗ ಅವನಿಗೆ ಇಪ್ಪತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಬಂದು ಸುಣ್ಣದ ಪುಡಿಯಿಂದ ಗೆರೆ ಹಾಕುವುದು ಅವನದೇ ಕೆಲಸ, ಅವನ ಗೆರೆ ನನ್ನದಕ್ಕಿಂತ ನೇರ. ಹೋದ ತಿಂಗಳು ಹನ್ನೆರಡರ ಹೊಸ ಹುಡುಗನೊಬ್ಬ ಸೇರಿದ್ದಾನೆ. ಗೇಟಿನಿಂದ ಒಳಗೆ ಬರಲು ಒಪ್ಪುತ್ತಿಲ್ಲ, ಕಂಬಿ ಹಿಡಿದು ನಿಲ್ಲುತ್ತಾನೆ. ಸದ್ಯಕ್ಕೆ ಕೆಂಪು ಡಬ್ಬವನ್ನು ಗೇಟಿನ ಹೊರಗೆ, ನೀಲಿ ಡಬ್ಬವನ್ನು ಗೇಟಿನ ಒಳಗೆ ಇಟ್ಟಿದ್ದೇವೆ. ನಡುವೆ ಎರಡು ಹೆಜ್ಜೆ. ಬೀಜ ಒಂದೇ.